ಧ್ವನಿ ಹೋದ ಕಡೆ

ಆಮ್ರಪಾಲಿಯ ಅಪ್ಪನ ಮಾತು ಒಂದೇ ದಿನಕ್ಕೆ ಹೋದದ್ದಲ್ಲ. ಮೊದಲು ನಾಲಗೆ ತೊಡರತೊಡಗಿತು. ಗೊಲ್ಲಾಳಪ್ಪ ಇಪ್ಪತ್ತಾರು ವರ್ಷ ವಿಜಯಪುರದಿಂದ ಹೊನವಾಡಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನು. ದನಿ ಎಂಥದಿತ್ತೆಂದರೆ, ಹಿಂದಿನ ಬಾಗಿಲಲ್ಲಿ ನಿಂತು ‘ತೊರವಿ ಇಳೀರಿ’ ಎಂದು ಕೂಗಿದರೆ ಡ್ರೈವರನ ಬೆನ್ನ ಹಿಂದೆ ಗೊರಕೆ ಹೊಡೆಯುತ್ತಿದ್ದವನೂ ಎದ್ದು ಚೀಲ ಹುಡುಕುತ್ತಿದ್ದ. ಅಂಥವನ ಬಾಯಲ್ಲಿ ಒಂದು ಬೇಸಿಗೆ ‘ತೊರವಿ’ ಎಂಬುದು ‘ತೊವ್ವಿ’ ಆಯಿತು. ಕಂಡಕ್ಟರ್ ಕುಡಿದು ಬಸ್ ಹತ್ತುತ್ತಾನೆ ಎಂದು ಯಾರೋ ಅರ್ಜಿ ಬರೆದರು. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದವನು ಜೊತೆಗಾರರ ಎದುರು ಯಂತ್ರಕ್ಕೆ ಬಾಯಿಟ್ಟು ಊದಿ ತೋರಿಸಬೇಕಾಯಿತು. ಆಮೇಲೆ ಟಿಕೇಟು ಕೊಡುವ ಬೆರಳು ಸೋತವು, ಆಮೇಲೆ ಕೈ, ಆಮೇಲೆ ಕಾಲು. ನರಗಳು ಒಂದೊಂದಾಗಿ ಸಾಯುವ ಬೇನೆ ಎಂದರು ಡಾಕ್ಟರರು. ಬುದ್ಧಿ, ಕಣ್ಣು, ಕಿವಿ ಕೊನೆಯವರೆಗೂ ಇರುತ್ತವೆ, ಉಳಿದದ್ದಕ್ಕೆ ಔಷಧವಿಲ್ಲ ಎಂದರು.

ಮೂರನೆಯ ವರ್ಷಕ್ಕೆ ಗೊಲ್ಲಾಳಪ್ಪ ತಿಕೋಟಾದ ತನ್ನ ಮನೆಯ ಪಡಸಾಲೆಯಲ್ಲಿ ಮಂಚ ಹಿಡಿದಿದ್ದ. ಹೆಂಡತಿ ಸಾವಂತ್ರವ್ವ ಅವನಿಗೆ ಚಮಚದಲ್ಲಿ ಗಂಜಿ ಇಳಿಸುತ್ತಿದ್ದಳು, ಮಗ್ಗುಲು ಬದಲಿಸುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಕೆಲಸ ಕಫದ್ದು. ಅದು ಗಂಟಲಲ್ಲಿ ಕಟ್ಟಿತೆಂದರೆ ಉಗುಳುವ ಶಕ್ತಿ ಅವನಿಗಿಲ್ಲ. ನಳಿಕೆ ಒಳಗಿಟ್ಟು, ಸಣ್ಣ ಯಂತ್ರ ಹಚ್ಚಿ, ಹೀರಿ ತೆಗೆಯಬೇಕು. ತಡವಾದರೆ ಉಸಿರು ಕಟ್ಟುತ್ತದೆ. ಹಾಗಾಗಿ ಸಾವಂತ್ರವ್ವ ರೊಟ್ಟಿ ಬಡಿಯುವಾಗಲೂ ಐದು ನಿಮಿಷಕ್ಕೊಮ್ಮೆ ಎದ್ದು ಬಂದು ಗಂಡನ ಮುಖ ನೋಡಿ ಹೋಗುತ್ತಿದ್ದಳು.

ಆಮ್ರಪಾಲಿಗೆ ಮೂವತ್ತೊಂದು. ತೊರವಿಯ ಹೊರಗಿನ ಒಂದು ಕಾಲೇಜಿನಲ್ಲಿ ಇನ್ನೂರು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವಳದು, ಅವಳ ಜೊತೆಗೆ ಯಾಕೂಬ. ದಿನಾ ತಿಕೋಟಾದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅವರ ಅರ್ಧ ಕೆಲಸ ಕುಂತಲ್ಲೇ ಆಗುತ್ತಿತ್ತು. ಮೂರನೆಯ ಮಹಡಿಯ ಕಂಪ್ಯೂಟರು ಕೈಕೊಟ್ಟರೆ, ರಿಮೋಟ್ ಆ್ಯಪ್ ತೆರೆದು ಅದರ ಪರದೆಯನ್ನು ತಮ್ಮ ಪರದೆಯ ಮೇಲೆ ತಂದುಕೊಂಡು, ಇಲ್ಲಿಂದಲೇ ಕೈಯಾಡಿಸಿ ಸರಿಮಾಡುವುದು. ಅದರಲ್ಲಿ ಅವಳ ಕೈ ಬಲು ಚುರುಕು. ಅಪ್ಪನಿಗೆ ಕಣ್ಣಿನಿಂದ ಬರೆಯುವ ಟ್ಯಾಬ್ಲೆಟ್ ತಂದುಕೊಟ್ಟವಳೂ ಅವಳೇ. ಪರದೆಯ ಮೇಲೆ ಅಕ್ಷರಗಳ ಹಲಗೆ ಇರುತ್ತದೆ. ಯಾವ ಅಕ್ಷರವನ್ನು ದಿಟ್ಟಿಸಿದರೆ ಅದು ಸಾಲಿನಲ್ಲಿ ಕೂರುತ್ತದೆ. ಸಾಲು ಮುಗಿದರೆ ಟ್ಯಾಬ್ಲೆಟ್ ಅದನ್ನು ಗಟ್ಟಿಯಾಗಿ ಓದುತ್ತದೆ. ಅದರಲ್ಲೂ ಅವಳು ರಿಮೋಟ್ ಆ್ಯಪ್ ಹಾಕಿದ್ದಳು. ಹಲಗೆ ಕೆಟ್ಟು ನಿಂತರೆ ಕಾಲೇಜಿನಿಂದಲೇ ಸರಿಮಾಡಬಹುದಿತ್ತು.

ಒಂದೇ ತಕರಾರು ಆ ಓದುವ ದನಿಯದು. ರೇಡಿಯೋದಲ್ಲಿ ವಾರ್ತೆ ಓದುವವನ ಹಾಗೆ ಅದು ‘ಸಾವಂತ್ರಿ, ನೀರು ತಾ’ ಎನ್ನುತ್ತಿತ್ತು.

“ಯಾರೋ ಸಾಹೇಬ್ರು ಬಂದು ಮನ್ಯಾಗ ಕುಂತಂಗ ಆಗ್ತದವ್ವಾ,” ಎಂದು ಸಾವಂತ್ರವ್ವ ಮುಖ ಸಿಂಡರಿಸುತ್ತಿದ್ದಳು. “ನನ್ನ ಹೆಸರು ಪರಾಯಿ ಗಂಡಸು ಕರದ್ರ ಎದ್ದು ಬರಾಕ ಮನಸ ಆಗೂದಿಲ್ಲ.”

ಜೂನ್ ತಿಂಗಳಲ್ಲಿ ಆಮ್ರಪಾಲಿಗೆ ಒಂದು ಸುದ್ದಿ ಸಿಕ್ಕಿತು. ಆ ಟ್ಯಾಬ್ಲೆಟ್ಟಿನ ಆಪರೇಟಿಂಗ್ ಸಿಸ್ಟಮ್ಮಿನ ಹೊಸ ಆವೃತ್ತಿ ಬರಲಿದೆ. ಅದಕ್ಕೆ ಒಬ್ಬ ಮನುಷ್ಯನ ಹಳೆಯ ಧ್ವನಿಮುದ್ರಣ ಕೊಟ್ಟರೆ ಅವನದೇ ದನಿಯಲ್ಲಿ ಓದುತ್ತದೆ, ಕನ್ನಡದಲ್ಲೂ. ಎಲ್ಲರಿಗೂ ಬಿಡುಗಡೆಯಾಗುವುದು ಸೆಪ್ಟೆಂಬರಿನಲ್ಲಿ. ಅವಸರವಿದ್ದವರು ಬೀಟಾ ಹಾಕಿಕೊಳ್ಳಬಹುದು. ಬೀಟಾ ಎಂದರೆ ಇನ್ನೂ ಪೂರ್ತಿ ತಯಾರಾಗದ, ಜನರಿಂದ ಪರೀಕ್ಷೆ ಮಾಡಿಸಲೆಂದು ಮೊದಲೇ ಕೊಟ್ಟ ಆವೃತ್ತಿ. ನೀವು ದಿನಾ ನೆಚ್ಚಿಕೊಂಡಿರುವ ಸಾಧನದಲ್ಲಿ ಇದನ್ನು ಹಾಕಬೇಡಿ ಎಂದು ಮೇಲೆಯೇ ಎಚ್ಚರಿಕೆ ಬರೆದಿತ್ತು.

ಯಾಕೂಬನೂ ಅದನ್ನೇ ಹೇಳಿದ. ಅವನಿಗೆ ನಲವತ್ತೈದು ದಾಟಿತ್ತು, ಕೆಟ್ಟ ಕಂಪ್ಯೂಟರುಗಳನ್ನು ಅವಳಿಗಿಂತ ಹದಿನೈದು ವರ್ಷ ಹೆಚ್ಚು ನೋಡಿದ್ದ.

“ಬೀಟಾ ಅಂದ್ರ ಹಸಿ ಗಾರಿ ಇದ್ದಂಗ ನೋಡ್ರಿ ಮೇಡಂ. ಕಣ್ಣಿಗೆ ನೆಲಾನ ಕಾಣ್ತದ, ಕಾಲಿಟ್ರ ಒಳಗ ಹೋಗ್ತದ. ಮನ್ಯಾಗ ಹಳೇ ಮೊಬೈಲ್ ಇದ್ರ ಅದಕ್ಕ ಹಾಕಿ ಆಟಾ ಆಡ್ರಿ. ಅಪ್ಪಾರ ಟ್ಯಾಬಿಗೆ ಬ್ಯಾಡ.”

“ಅಪ್ಪನ ಉಸಿರು ಅರ್ಧಕ್ಕ ಇಳದದ ಅಂತ ಹೋದ ತಿಂಗಳ ಡಾಕ್ಟರ್ ಹೇಳ್ಯಾರ,” ಎಂದಳು ಆಮ್ರಪಾಲಿ. “ಸೆಪ್ಟೆಂಬರ್ ತನಕ ಇರ್ತಾನಂತ ನೀವು ಬರದ ಕೊಡ್ತೀರೇನ್ರಿ ಯಾಕೂಬಭಾಯಿ?”

ಯಾಕೂಬ ತನ್ನ ಕಂಪ್ಯೂಟರಿನ ಕಡೆ ಕುರ್ಚಿ ತಿರುಗಿಸಿದ.

ಅಂದು ಸಂಜೆ ಅವಳು ಅಪ್ಪನ ಮಂಚದ ಅಂಚಿಗೆ ಕೂತು ಎಲ್ಲ ಬಿಡಿಸಿ ಹೇಳಿದಳು. ನಡುವೆ ಕೆಟ್ಟು ನಿಲ್ಲಬಹುದು, ಬರೆದದ್ದು ಹೋಗಬಹುದು ಎಂದೂ ಹೇಳಿದಳು. ಗೊಲ್ಲಾಳಪ್ಪ ಬಹಳ ಹೊತ್ತು ಛಾವಣಿ ನೋಡಿದ. ಆಮೇಲೆ ಕಣ್ಣು ಹಲಗೆಗೆ ಇಳಿದವು. ಒಂದೊಂದೇ ಅಕ್ಷರ ಕೂರಿಸಿದ: ‘ಹಾಕು. ನನ್ನ ದನಿ ನನಗ ಮರತದ.’

ಅಪ್ಪ ಗಟ್ಟಿ ಇದ್ದಾಗ ಮೊಬೈಲಿನಲ್ಲಿ ಕಳಿಸಿದ್ದ ಧ್ವನಿಸಂದೇಶಗಳನ್ನು ಆಮ್ರಪಾಲಿ ಒಂದನ್ನೂ ಅಳಿಸಿರಲಿಲ್ಲ. ಬರುವಾಗ ಬದನೆಕಾಯಿ ತಾ ಎಂದದ್ದು, ಬಸ್ ತಪ್ಪಿಸಿಕೊಂಡದ್ದಕ್ಕೆ ಬೈದದ್ದು, ಅವಳ ಪರೀಕ್ಷೆಯ ದಿನ ‘ಅಂಜಬ್ಯಾಡ’ ಎಂದದ್ದು, ಎಲ್ಲ ಸೇರಿ ನಲವತ್ತು ನಿಮಿಷವಾದವು. ಭಾನುವಾರ ಬೀಟಾ ಹಾಕಿ, ಆ ನಲವತ್ತು ನಿಮಿಷವನ್ನು ಅದಕ್ಕೆ ಉಣಿಸಿದಳು. ಸೋಮವಾರ ಬೆಳಗ್ಗೆ ದನಿ ತಯಾರಾಗಿತ್ತು.

ಸಾವಂತ್ರವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಪಡಸಾಲೆಯಿಂದ ಗಂಡ ಕೂಗಿದ.

“ಏ ಸಾವಂತ್ರೀ, ಚಾ ಕೊಡ್ತಿಯೋ ಇಲ್ಲೋ?”

ಅವಳು ಬೂದಿ ಹತ್ತಿದ ಕೈಯಲ್ಲೇ ಓಡಿ ಬಂದಳು. ಗಂಡ ಎದ್ದು ನಿಂತಿದ್ದಾನೆಂದೇ ಅವಳು ತಿಳಿದಿದ್ದಳು. ಗೊಲ್ಲಾಳಪ್ಪ ಇದ್ದಲ್ಲೇ ಮಲಗಿದ್ದ, ತುಟಿ ಅಲುಗಿರಲಿಲ್ಲ, ಕಣ್ಣು ಮಾತ್ರ ನಗುತ್ತಿದ್ದವು. ಅವಳು ಮಂಚದ ಕಾಲಿಗೆ ಆತು ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನು ಮತ್ತೆ ಕಣ್ಣಾಡಿಸಿ ಬರೆದ. ಟ್ಯಾಬ್ಲೆಟ್ ಅವನದೇ ದನಿಯಲ್ಲಿ, ಅವನದೇ ಗತ್ತಿನಲ್ಲಿ ಕೇಳಿತು:

“ಅಳಾಕ ಏನಾತು? ಟಿಕೇಟ ತಗದಿಯಿಲ್ಲ?”

ಆ ಮನೆಯಲ್ಲಿ ಅಷ್ಟು ನಕ್ಕದ್ದು ಮೂರು ವರ್ಷದಲ್ಲಿ ಅದೇ ಮೊದಲು.

ಹತ್ತು ದಿನ ಹಾಗೆ ನಡೆಯಿತು. ಓಣಿಯವರು ಬಂದು ಕೇಳಿ ಹೋದರು. ಸಾವಂತ್ರವ್ವನ ನಡಿಗೆಯೇ ಬೇರೆಯಾಯಿತು. ಕರೆದರೆ ಕೇಳುತ್ತದೆ ಎಂಬ ಧೈರ್ಯದಿಂದ ಅವಳು ಹೊರಗಿನ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡತೊಡಗಿದಳು, ನೆರೆಮನೆಯ ಪೀರಾಂಬಿಯ ಜೊತೆ ನಾಲ್ಕು ಮಾತಾಡತೊಡಗಿದಳು. ಕಟ್ಟೆಗೂ ಮಂಚಕ್ಕೂ ಹತ್ತು ಹೆಜ್ಜೆ. ಅವನು ಕರೆಯುತ್ತಿದ್ದ, ಅವಳು ಎದ್ದು ಹೋಗಿ ಕಫ ತೆಗೆದು ಬರುತ್ತಿದ್ದಳು.

ಬೀಟಾದ ಕಾಟ ಇಲ್ಲವೆಂದಲ್ಲ. ದಿನಕ್ಕೆ ಒಂದೆರಡು ಸಲ ಅಕ್ಷರದ ಹಲಗೆ ಕಲ್ಲಾಗಿ ನಿಲ್ಲುತ್ತಿತ್ತು. ಅವ್ವ ಫೋನ್ ಮಾಡುವಳು, ಆಮ್ರಪಾಲಿ ಕಾಲೇಜಿನಿಂದ ರಿಮೋಟ್ ಆ್ಯಪ್ ತೆರೆದು ಸರಿಮಾಡುವಳು. ಆ್ಯಪ್ ತೆರೆದಾಗಲೆಲ್ಲ, ಈ ಆವೃತ್ತಿಯ ಮೇಲೆ ನಮ್ಮ ಆ್ಯಪನ್ನು ಪರೀಕ್ಷಿಸಿಲ್ಲ ಎಂದು ಒಂದು ಚೌಕಟ್ಟು ಬರುತ್ತಿತ್ತು. ಅವಳು ‘ಸರಿ’ ಒತ್ತಿ ಮುಂದೆ ಹೋಗುತ್ತಿದ್ದಳು. ಒಂದೆರಡು ನಿಮಿಷದ ಕೆಲಸ, ಮುಗಿಯುತ್ತಲೇ ಮುಚ್ಚಿಬಿಡುತ್ತಿದ್ದಳು.

ಹನ್ನೊಂದನೆಯ ದಿನ ಗುರುವಾರ. ಕಾಲೇಜಿಗೆ ತಪಾಸಣೆಯವರು ಬಂದಿದ್ದರು. ಸಭಾಂಗಣದಲ್ಲಿ ಅವರಿಗೆ ಪರದೆಯ ಮೇಲೆ ಲೆಕ್ಕಪತ್ರ, ಫೋಟೋ ತೋರಿಸುವ ಜವಾಬ್ದಾರಿ ಆಮ್ರಪಾಲಿಯದು. ನಡುವೆ ಏನಾದರೂ ಸದ್ದು ಬಂದು ಮುಜುಗರವಾಗಬಾರದೆಂದು ಲ್ಯಾಪ್‌ಟಾಪಿನ ಧ್ವನಿಯನ್ನು ಪೂರ್ತಿ ತೆಗೆದಿದ್ದಳು. ಹನ್ನೊಂದೂವರೆಗೆ ಅವ್ವನ ಫೋನ್ ಬಂತು, ಹಲಗೆ ನಿಂತಿದೆ ಎಂದು. ಹಿಂದಿನ ಸಾಲಿಗೆ ಸರಿದು ರಿಮೋಟ್ ಆ್ಯಪ್ ತೆರೆದಳು, ಹಲಗೆಯನ್ನು ಎಬ್ಬಿಸಿದಳು. ಅಪ್ಪ ಬರೆದದ್ದು ಅವಳ ಪರದೆಯ ಮೇಲೆ ಮೂಡಿತು: ‘ಅರಾಮ ಅದೇನಿ. ನಿನ್ನ ಕೆಲಸಾ ಮಾಡು.’

ಅಷ್ಟರಲ್ಲಿ ಪ್ರಾಂಶುಪಾಲರು ಕರೆದರು. ಹಲಗೆ ಮತ್ತೆ ನಿಂತೀತು, ಇರಲಿ ಎಂದು ಅವಳು ಆ ಕಿಟಕಿಯನ್ನು ಮುಚ್ಚಲಿಲ್ಲ. ಸಣ್ಣದು ಮಾಡಿ ಪರದೆಯ ಮೂಲೆಗೆ ಸರಿಸಿದಳು. ತಪಾಸಣೆ ಒಂದೂ ಕಾಲು ತಾಸು ನಡೆಯಿತು. ನಡುನಡುವೆ ಮೂರು ಸಲ ಮೂಲೆಯ ಕಡೆ ಕಣ್ಣು ಹಾಯಿಸಿದಳು. ಮೂರು ಸಲವೂ ಅದೇ ಸಾಲು ಇತ್ತು. ‘ಅರಾಮ ಅದೇನಿ.’ ಅಪ್ಪನಿಗೆ ಜೊಂಪು ಹತ್ತಿರಬೇಕು ಅಂದುಕೊಂಡಳು.

ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಮತ್ತೆ ಫೋನ್ ಬಂತು.

“ಆಮ್ರೂ, ನಿಮ್ಮಪ್ಪ ಹೆಂಗೆಂಗೋ ಆಗ್ಯಾನ. ಗಂಜಿ ಕುಡಸಾಕ ಬಂದೆ, ತುಟಿ ನೀಲಿ ಆಗ್ಯಾವ. ಕಫಾ ತಗದೆ, ಉಸಿರ ಬರವಲ್ದು. ಬಾರ ಯವ್ವಾ, ಲಗೂನ ಬಾರ!”

ಫೋನ್ ಕಿವಿಯಲ್ಲಿರುವಾಗಲೂ ಅವಳ ಕಣ್ಣು ಪರದೆಯ ಮೂಲೆಗೇ ಹೋಯಿತು. ಅಲ್ಲಿ ಅಪ್ಪ ಇನ್ನೂ ಅರಾಮ ಇದ್ದ.

ಪೀರಾಂಬಿಯ ಮಗ ರಮಜಾನನ ಟಂಟಂ ಆಟೋದಲ್ಲಿ ಗೊಲ್ಲಾಳಪ್ಪನನ್ನು ಮಲಗಿಸಿಕೊಂಡು ವಿಜಯಪುರದ ದವಾಖಾನೆಗೆ ಹೊರಟರು. ಆಮ್ರಪಾಲಿ ಕಾಲೇಜಿನ ಗೇಟಿನ ಮುಂದೆ, ರಸ್ತೆಯ ನಡುವೆಯೇ ನಿಂತಿದ್ದಳು. ಟಂಟಂ ನಿಂತಿತು, ಹತ್ತಿದಳು. ಅವ್ವ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎದೆ ತಿಕ್ಕುತ್ತಲೇ ಇದ್ದಳು. ಅಪ್ಪನ ಕಣ್ಣು ಅರೆತೆರೆದಿದ್ದವು. ಮಂಚ ಹಿಡಿದ ಮೇಲೆ ಆ ದೇಹದಲ್ಲಿ ಅಲುಗುತ್ತಿದ್ದದ್ದು ಅವೆರಡೇ. ಅವು ನಿಂತದ್ದನ್ನು ನೋಡಿದ ಮೇಲೆ ಅವಳಿಗೆ ಯಾವ ಡಾಕ್ಟರೂ ಏನೂ ಹೇಳಬೇಕಾಗಿರಲಿಲ್ಲ. ಆದರೂ ರಮಜಾನ ಹಾರ್ನ್ ಒತ್ತುತ್ತಲೇ ಗಾಡಿ ಓಡಿಸಿದ, ಅವ್ವ ಎದೆ ತಿಕ್ಕುತ್ತಲೇ ಇದ್ದಳು.

ಈ ಬೇನೆಯಲ್ಲಿ ಹೀಗೇ ಆಗುವುದು, ಇವತ್ತಲ್ಲದಿದ್ದರೆ ನಾಳೆ ಎಂದರು ಡಾಕ್ಟರರು.

ಮಣ್ಣು ಮಾಡಿ ಬಂದ ಮೇಲೆ ಮಾತು ಎದ್ದಿತು. ಬಬಲೇಶ್ವರದಿಂದ ಬಂದಿದ್ದ ಸುಮಂಗಲಾ, ಗೊಲ್ಲಾಳಪ್ಪನ ಒಬ್ಬಳೇ ತಂಗಿ, ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಎದ್ದವಳೇ ಅತ್ತಿಗೆಯ ಕಡೆ ತಿರುಗಿದಳು.

“ವೈನೀ, ಅಣ್ಣಗ ದನಿ ಬಂದಿತ್ತು ಅಂತಿದ್ರಿ. ಕರದ್ರ ಕೇಳ್ತದ ಅಂತಿದ್ರಿ. ಕರೀಲಿಲ್ಲೇನು ಅಂವಾ?”

“ಕರದಿರಬೇಕವ್ವಾ,” ಎಂದಳು ಸಾವಂತ್ರವ್ವ. ಅವಳ ಕಣ್ಣಲ್ಲಿ ನೀರಿರಲಿಲ್ಲ. “ಕಟ್ಟಿ ಮ್ಯಾಲ ಕುಂತಿದ್ದೆ. ಪೀರಾಂಬಿ ಏನೋ ಹೇಳಾಕತ್ತಿದ್ಲು. ನನಗ ಕೇಳಿಸಲಿಲ್ಲ.”

“ಓಣಿಗೆಲ್ಲಾ ಕೇಳೂ ದನಿ, ಹತ್ತ ಹೆಜ್ಜಿ ಮ್ಯಾಲ ಕುಂತ ಹೇಣ್ತಿಗೆ ಕೇಳ್ಲಿಲ್ಲ,” ಎಂದು ಸುಮಂಗಲಾ ಎಲ್ಲರಿಗೂ ಕೇಳುವಂತೆ ಹೇಳಿದಳು. ಆ ಮಾತು ಮನೆಯಿಂದ ಓಣಿಗೆ, ಓಣಿಯಿಂದ ಬಬಲೇಶ್ವರಕ್ಕೆ ಹೋಯಿತು.

ಏಳನೆಯ ದಿನ ಆಮ್ರಪಾಲಿ ಕೆಲಸಕ್ಕೆ ಹೊರಟಳು. ಟ್ಯಾಬ್ಲೆಟ್ಟನ್ನು ಚೀಲದಲ್ಲಿ ಹಾಕಿಕೊಂಡಳು. ಅಪ್ಪ ಬರೆದ ಮಾತುಗಳನ್ನು ಉಳಿಸಿಕೊಳ್ಳಬೇಕೆಂದು ಆಸೆ. ಓದಿದ ಪ್ರತಿಯೊಂದು ಸಾಲನ್ನೂ ಅದು ವೇಳೆಯ ಸಮೇತ ಜೋಪಾನ ಮಾಡಿಟ್ಟಿರುತ್ತದೆ. ಕಾಲೇಜಿನ ತನ್ನ ಕೋಣೆಯಲ್ಲಿ ಕೂತು ಪಟ್ಟಿಯನ್ನು ತೆರೆದಳು. ಗುರುವಾರದ ಸಾಲುಗಳು ಮೇಲೆಯೇ ಇದ್ದವು.

ಹನ್ನೆರಡು ಎಂಟಕ್ಕೆ: ಸಾವಂತ್ರಿ.

ಹನ್ನೆರಡು ಒಂಬತ್ತಕ್ಕೆ: ಸಾವಂತ್ರಿ ಕಫಾ.

ಹನ್ನೆರಡು ಹನ್ನೊಂದಕ್ಕೆ: ಸಾವಂತ್ರಿ ಬಾ.

ಹನ್ನೆರಡು ಹದಿನಾಲ್ಕಕ್ಕೆ: ಆಮ್ರು ನೀ ನೋಡಾಕತ್ತಿ. ಅವ್ವಗ ಫೋನ ಹಚ್ಚು.

ಹನ್ನೆರಡು ಹದಿನೇಳಕ್ಕೆ: ಆಮ್ರು.

ಆಮೇಲೆ ಬರೀ ‘ಆ’. ಆಮೇಲೆ ಏನೂ ಇಲ್ಲ.

ರಿಮೋಟ್ ಆ್ಯಪ್ ತೆರೆದಿದ್ದರೆ ಟ್ಯಾಬ್ಲೆಟ್ಟಿನ ಮೇಲಂಚಿನಲ್ಲಿ ಒಂದು ಹಸಿರು ಚುಕ್ಕೆ ಇರುತ್ತದೆ. ಆ ಚುಕ್ಕೆ ಇದ್ದರೆ ಮಗಳು ನೋಡುತ್ತಿದ್ದಾಳೆಂದು ಅಪ್ಪನಿಗೆ ಅವಳೇ ಹೇಳಿಕೊಟ್ಟಿದ್ದಳು. ಅವನು ಆ ಚುಕ್ಕೆಯನ್ನು ನೋಡಿದ್ದ.

ಅವಳು ಪಟ್ಟಿಯನ್ನು ಮತ್ತೊಮ್ಮೆ ಓದಿದಳು. ಐದು ಸಲ ಬರೆದದ್ದು ತನ್ನ ಪರದೆಯಲ್ಲಿ ಒಂದು ಸಲವೂ ಯಾಕೆ ಮೂಡಲಿಲ್ಲ? ಓಣಿಗೆ ಕೇಳುವ ದನಿ ಕಟ್ಟೆಗೆ ಯಾಕೆ ಕೇಳಲಿಲ್ಲ? ಎದ್ದು ಹೋಗಿ ಯಾಕೂಬನನ್ನು ಕರೆತಂದಳು. ಟ್ಯಾಬ್ಲೆಟ್ಟನ್ನು ಮೇಜಿನ ಈ ತುದಿಗೆ, ಲ್ಯಾಪ್‌ಟಾಪನ್ನು ಆ ತುದಿಗೆ ಇಟ್ಟರು. ರಿಮೋಟ್ ಆ್ಯಪ್ ತೆರೆದು ಅರ್ಧ ತಾಸು ಹಾಗೇ ಬಿಟ್ಟರು. ಆಮೇಲೆ ಅವಳು ಟ್ಯಾಬ್ಲೆಟ್ಟಿನಲ್ಲಿ ಬೆರಳಿನಿಂದ ಒಂದು ಹೆಸರು ಬರೆದು ಓದಿಸಿದಳು.

ಟ್ಯಾಬ್ಲೆಟ್ ಮೂಕವಾಗಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಅರ್ಧ ತಾಸಿನ ಹಿಂದಿನ ಚಿತ್ರ ಹಾಗೇ ನಿಂತಿತ್ತು. ಯಾಕೂಬ ಕೈ ಚಾಚಿ ಲ್ಯಾಪ್‌ಟಾಪಿನ ಧ್ವನಿ ಏರಿಸಿದ. ಅವಳು ಮತ್ತೊಮ್ಮೆ ಓದಿಸಿದಳು.

“ಸಾವಂತ್ರೀ,” ಎಂದು ಗೊಲ್ಲಾಳಪ್ಪ ಲ್ಯಾಪ್‌ಟಾಪಿನೊಳಗಿಂದ ಕರೆದ.

ಬೀಟಾದ ಮೇಲೆ ಆ ಆ್ಯಪ್ ಹೆಚ್ಚು ಹೊತ್ತು ತೆರೆದಿದ್ದರೆ ಚಿತ್ರ ಹೆಪ್ಪುಗಟ್ಟುತ್ತಿತ್ತು; ಧ್ವನಿ ಟ್ಯಾಬ್ಲೆಟ್ಟಿನಲ್ಲಿ ನಿಂತು, ನೋಡುವವರ ಕಡೆಗೆ ಹರಿದು ಬರುತ್ತಿತ್ತು. ದಿನಾ ಎರಡು ನಿಮಿಷಕ್ಕೆ ಮುಚ್ಚುತ್ತಿದ್ದವಳಿಗೆ ಇದು ಕಂಡೇ ಇರಲಿಲ್ಲ. ಗುರುವಾರ ಅಪ್ಪ ತನ್ನದೇ ದನಿಯಲ್ಲಿ ಹೆಂಡತಿಯನ್ನು ಕರೆದ, ಮಗಳನ್ನು ಕರೆದ. ಆ ಕರೆಯೆಲ್ಲ ತಿಕೋಟಾದ ಪಡಸಾಲೆ ಬಿಟ್ಟು ತೊರವಿಯ ಸಭಾಂಗಣಕ್ಕೆ, ಅವಳ ಕೈಯಳತೆಯಲ್ಲಿದ್ದ ಲ್ಯಾಪ್‌ಟಾಪಿಗೆ ಬಂದಿತ್ತು. ಅದರ ಬಾಯಿ ಅವಳೇ ಕಟ್ಟಿದ್ದಳು.

ಯಾಕೂಬ ಎದ್ದು ಬಾಗಿಲು ಮುಂದೆ ಮಾಡಿದ. ಅಂದು ಅವನು ಅವಳನ್ನು ಮೇಡಂ ಅನ್ನಲಿಲ್ಲ.

“ನೋಡು ತಂಗಿ. ಇದು ನಿನಗ ಗೊತ್ತು, ನನಗ ಗೊತ್ತು, ಮ್ಯಾಲಿನವಗ ಗೊತ್ತು. ಮನ್ಯಾಗ ಹೇಳಬ್ಯಾಡ. ಹೋದವ್ರು ತಿರಗಿ ಬರೂದಿಲ್ಲ, ಇದ್ದವ್ರಿಗೆ ಹುಣ್ಣ ಆಗ್ತದ.”

ಅವಳು ಹೇಳಲಿಲ್ಲ. ಹೇಳಿದ್ದು ಬೀಟಾ ತಯಾರಿಸಿದವರಿಗೆ ಮಾತ್ರ. ದೋಷ ಕಂಡರೆ ತಿಳಿಸಿ ಎಂದು ಅವರು ಒಂದು ನಮೂನೆ ಇಟ್ಟಿದ್ದರು. ದೋಷ ಎಷ್ಟು ಗಂಭೀರ, ಅಲ್ಪವೋ ಮಧ್ಯಮವೋ ತೀವ್ರವೋ ಎಂದಲ್ಲಿ ತೀವ್ರ ಎಂಬುದನ್ನು ಒತ್ತಿದಳು. ದೋಷ ಮತ್ತೆ ಕಾಣಿಸಿಕೊಳ್ಳಲು ಏನು ಮಾಡಬೇಕು, ಹಂತ ಹಂತವಾಗಿ ಬರೆಯಿರಿ ಎಂದಿತ್ತು. ಬರೆದಳು. ಇದರಿಂದ ನಿಮಗಾದ ತೊಂದರೆಯೇನು ಎಂದಿತ್ತು. ಆ ಚೌಕವನ್ನು ಖಾಲಿ ಬಿಟ್ಟಳು. ಎರಡು ದಿನಕ್ಕೆ ಉತ್ತರ ಬಂತು: ವರದಿಗಾಗಿ ಧನ್ಯವಾದ, ಬೇರೆಯವರೂ ತಿಳಿಸಿದ್ದಾರೆ, ನೆಚ್ಚಿಕೊಂಡ ಸಾಧನಗಳಲ್ಲಿ ಬೀಟಾ ಬಳಸಬೇಡಿ.

ಮನೆಯಲ್ಲಿ ಅವ್ವ ದಿನದಿಂದ ದಿನಕ್ಕೆ ಒಣಗತೊಡಗಿದಳು. ಯಾರು ಮಾತಾಡಿಸಿದರೂ “ಆಂ?” ಎಂದು ಕಿವಿಗೆ ಕೈ ಹಚ್ಚುತ್ತಿದ್ದಳು. ತನಗೆ ಕಿವುಡು ಬಂದಿದೆ ಎಂದು ಎಲ್ಲರಿಗೂ ತಾನೇ ಹೇಳತೊಡಗಿದಳು. ಒಂದು ದಿನ ಮಗಳ ಮುಂದೆ ಬಂದು ನಿಂತಳು.

“ನನ್ನ ಕಿವೀ ಡಾಕ್ಟರ್ ಕಡಿ ಕರ್ಕೊಂಡ ಹೋಗು.”

“ಯಾಕ ಬೇ? ನಿನ್ನ ಕಿವಿಗೆ ಏನೂ ಆಗಿಲ್ಲ.”

“ಆಗ್ಯದ. ನಿಮ್ಮಪ್ಪ ಕರದಾನ, ನನಗ ಕೇಳಿಲ್ಲ. ಡಾಕ್ಟರ್ ನೋಡಿ ಹೇಳಲಿ.”

ಸಿದ್ಧೇಶ್ವರ ಗುಡಿಯ ಹತ್ತಿರ, ಬಳೆ ಅಂಗಡಿಗಳ ಸಾಲಿನ ಮೇಲ್ಮಹಡಿಯಲ್ಲಿ ಕಿವಿಯ ಡಾಕ್ಟರರಿದ್ದರು. ಗಾಜಿನ ಸಣ್ಣ ಕೋಣೆಯಲ್ಲಿ ಸಾವಂತ್ರವ್ವನನ್ನು ಕೂರಿಸಿ, ಎರಡೂ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಕೈ ಎತ್ತು ಎಂದರು. ಗಾಜಿನ ಹೊರಗೆ ನಿಂತು ಆಮ್ರಪಾಲಿ ನೋಡುತ್ತಿದ್ದಳು. ಅವ್ವನ ಕೈ ಮತ್ತೆ ಮತ್ತೆ ಏಳುತ್ತಿತ್ತು. ಮೊದಲು ಜೋರಾಗಿ ಎತ್ತಿದಳು, ಆಮೇಲೆ ಒಲ್ಲದ ಮನಸ್ಸಿನಿಂದ ಎತ್ತಿದ ಹಾಗೆ ಕಂಡಿತು. ಆದರೂ ಸುಳ್ಳಾಡಲಿಲ್ಲ, ಕೇಳಿದಾಗಲೆಲ್ಲ ಎತ್ತಿದಳು.

“ಭಾರೀ ಛಲೋ ಅದಾವ ಕಿವಿ,” ಎಂದರು ಡಾಕ್ಟರರು. “ನಿಮ್ಮ ವಯಸ್ಸಿನವ್ರಿಗೆ ಇಷ್ಟ ಕೇಳೂದಿಲ್ಲ. ಆರಾಮ ಮನಿಗೆ ಹೋಗ್ರಿ ಅವ್ವಾರ.”

ಮೆಟ್ಟಿಲಿಳಿದು ಬೀದಿಗೆ ಬಂದರು. ಬಳೆಗಾರರು, ಹೂವಿನವರು, ಸಂತೆಯಂಥ ಗದ್ದಲ. ಸಾವಂತ್ರವ್ವ ನಾಲ್ಕು ಹೆಜ್ಜೆ ನಡೆದು ಮುಚ್ಚಿದ ಒಂದು ಅಂಗಡಿಯ ಕಟ್ಟೆಗೆ ಕೂತುಬಿಟ್ಟಳು.

“ಕಿವಿ ಛಲೋ ಅದಾವಂತ,” ಎಂದಳು. “ಹಂಗಾರ ಕೇಳೇದ. ಕೇಳಿನೂ ಎದ್ದಿಲ್ಲ ನಾ. ಮಾತಿನ ರುಚಿಗೆ ಬಿದ್ದು ಗಂಡನ್ನ ಸಾಯಾಕ ಬಿಟ್ಟೆ. ಸುಮಂಗಲಾ ಖರೇನ ಅಂದ್ಲು.”

“ಅವ್ವಾ, ಹಂಗ ಅನಬ್ಯಾಡ.”

“ಮತ್ತ ಹೆಂಗ ಅನ್ಲಿ? ನೀನ ಹೇಳು, ಹೆಂಗ ಅನ್ಲಿ?”

ಆಮ್ರಪಾಲಿ ಅವಳ ಮುಂದೆ, ಬೀದಿಯ ಧೂಳಿನಲ್ಲೇ ಕುಕ್ಕರುಗಾಲಲ್ಲಿ ಕೂತಳು.

“ಅಪ್ಪ ಕರದಾನ ಬೇ. ಆದ್ರ ಆ ದನಿ ಮನ್ಯಾಗ ಆಗಿಲ್ಲ. ನನ್ನ ಲ್ಯಾಪ್‌ಟಾಪಿಗೆ ಬಂದದ. ಹೊಸಾದು ಹಾಕಿದ್ನಲ್ಲಾ, ಅದರಾಗ ತಪ್ಪಿತ್ತು. ನಾ ಕಾಲೇಜಿನಿಂದ ನೋಡಾಕ ತಗದ್ರ ದನಿ ಮನ್ಯಾಗ ಬಂದ್ ಆಗಿ ನನ್ನ ಕಡಿ ಬರ್ತಿತ್ತು. ನಾ ಅವತ್ತ ಮುಚ್ಚಲಾರದ ಬಿಟ್ಟಿದ್ದೆ. ನನ್ನದರ ಸೌಂಡ್ ತಗದಿದ್ದೆ. ನೀ ಕೇಳೂ ಹಂಗ ಇದ್ದಿಲ್ಲ, ಯಾರೂ ಕೇಳೂ ಹಂಗ ಇದ್ದಿಲ್ಲ. ನಿಂದು ತಪ್ಪಿಲ್ಲ. ನಂದದ.”

ಸಾವಂತ್ರವ್ವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅವಳ ಮುಖದ ಮೇಲೆ ಅದು ನಿಧಾನವಾಗಿ ಇಳಿಯುವುದನ್ನು ಮಗಳು ನೋಡಿದಳು.

“ನಿನಗ ಯಾವಾಗ ಗೊತ್ತಾತು?”

“ಹದಿನಾರ ದಿನಾ ಆತು.”

“ಹದಿನಾರ ದಿನಾ,” ಎಂದಳು ಸಾವಂತ್ರವ್ವ. ಆಮೇಲೆ, “ಏನಂತ ಕರದ?”

ಆಮ್ರಪಾಲಿಗೆ ಪಟ್ಟಿ ಬಾಯಿಪಾಠವಾಗಿತ್ತು. ಒಂದೊಂದೇ ಸಾಲು ಹೇಳಿದಳು, ವೇಳೆ ಸಮೇತ. ‘ಆಮ್ರು ನೀ ನೋಡಾಕತ್ತಿ’ ಎಂಬುದನ್ನೂ ಬಿಡಲಿಲ್ಲ. ಮುಗಿಸುವಷ್ಟರಲ್ಲಿ ಅವ್ವನ ಕೈ ಎದ್ದು ಅವಳ ಕೆನ್ನೆಗೆ ಬಿತ್ತು. ಹೂವಿನವಳು ತಿರುಗಿ ನೋಡಿದಳು. ಹುಟ್ಟಿದಂದಿನಿಂದ ಅವ್ವ ಅವಳನ್ನು ಹೊಡೆದದ್ದಿಲ್ಲ.

ಸಾವಂತ್ರವ್ವ ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಆಮ್ರಪಾಲಿ ಹಿಂದೆ ಹೋದಳು. ಬಸ್ಸಿನಲ್ಲಿ ಅವ್ವ ಕಿಟಕಿಗೆ ಮುಖ ಮಾಡಿ ಕೂತಳು. ಕಂಡಕ್ಟರ್ ಬಂದಾಗ “ಇಬ್ಬರು, ತಿಕೋಟಾ” ಎಂದಳು.

ರಾತ್ರಿಯ ಊಟಕ್ಕೆ ಇಬ್ಬರೂ ಕೂರಲಿಲ್ಲ. ದೀಪ ಆರಿಸುವ ಮುಂಚೆ ಅವ್ವ ಬಾಗಿಲಲ್ಲಿ ನಿಂತಳು.

“ದನಿ ಬರೂಕಿಂತ ಮೊದ್ಲ ಐದ ಮಿನಿಟಿಗೊಮ್ಮಿ ಎದ್ದ ಬಂದು ಮಾರಿ ನೋಡ್ತಿದ್ದೆ. ದನಿ ಬಂತು, ನೋಡೂದು ಬಿಟ್ಟೆ. ಅದು ನಂದು. ಉಳದದ್ದು ನಿಂದು. ಹಂಚಕೊಂಡ್ರ ಕಮ್ಮಿ ಆಗ್ತದ ಅಂತ ತಿಳೀಬ್ಯಾಡ.”

ಮರುವಾರ ಭಾನುವಾರ ಆಮ್ರಪಾಲಿ ಬಬಲೇಶ್ವರಕ್ಕೆ ಹೋದಳು. ಸುಮಂಗಲಾ ಅತ್ತೆ ನೀರು ಕೊಟ್ಟು, ಚಹಾ ಮಾಡಿ, ಎದುರಿಗೆ ಕೂತು ಪೂರ್ತಿ ಕೇಳಿದಳು. ಆಮ್ರಪಾಲಿ ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಪಟ್ಟಿಯ ಚಿತ್ರವನ್ನೂ ತೋರಿಸಿದಳು. ಸುಮಂಗಲಾಳ ಕಣ್ಣು ತುಂಬಿದವು. ಅವಳು ಅಣ್ಣನ ಮಗಳ ತಲೆ ಸವರಿದಳು.

“ಎಂಥಾ ಛಲೋ ಹುಡುಗಿ ನೀ,” ಎಂದಳು. “ಅವ್ವನ ಮ್ಯಾಲಿನ ಮಾತು ತಗದು ನಿನ್ನ ಮ್ಯಾಲ ಹಾಕೊಳಾಕ ಇಷ್ಟ ದೂರ ಬಂದಿ. ತಿಕೋಟಾದಾಗ ಕೂಗಿದ ದನಿ ತೊರವಿಗೆ ಹೋಗ್ತದೇನು ಯವ್ವಾ? ನಾ ಸಾಲಿ ಕಲತಿಲ್ಲ, ಹುಚ್ಚಿ ಅಂತೂ ಅಲ್ಲ.”

“ಅತ್ತೀ, ಖರೇನ ಹೇಳಾಕತ್ತೇನಿ.”

“ಆತ ಬಿಡು. ಚಾ ಆರತದ, ಕುಡಿ.”

ಆಮ್ರಪಾಲಿ ಇನ್ನೂ ಎರಡು ಸಲ ಹೇಳಿದಳು. ಹೇಳಿದಷ್ಟೂ ಅತ್ತೆಯ ಕಣ್ಣಲ್ಲಿ ಅವಳ ಮೇಲಿನ ಕನಿಕರ ಹೆಚ್ಚಿತು, ಅತ್ತಿಗೆಯ ಮೇಲಿನ ಸಿಟ್ಟೂ ಹೆಚ್ಚಿತು. ಸಂಜೆಯ ಬಸ್ಸಿಗೆ ತಿರುಗಿ ಬಂದಳು.

“ನಂಬಲಿಲ್ಲ,” ಎಂದಳು ಅವ್ವನಿಗೆ.

“ಗೊತ್ತಿತ್ತು,” ಎಂದಳು ಸಾವಂತ್ರವ್ವ.

ಆ ಮಾತು ಹಾಗೇ ಉಳಿಯಿತು. ಮದುವೆ, ಕಾರ್ಯ ಎಂದು ನಾಲ್ಕು ಜನ ಸೇರಿದಲ್ಲಿ, ಗಂಡ ಕರೆದರೂ ಎದ್ದು ಬರದವಳು ಎಂದು ಸಾವಂತ್ರವ್ವನನ್ನು ತೋರಿಸುವವರು ಇದ್ದೇ ಇದ್ದರು. ಪೀರಾಂಬಿ ಮಾತ್ರ ಎಲ್ಲರ ಹತ್ತಿರ ಜಗಳ ಕಾಯುತ್ತಿದ್ದಳು: “ನಾನೂ ಅಲ್ಲೇ ಕುಂತಿದ್ದೆ. ನನಗೂ ಕೇಳಿಲ್ಲ. ನಾನೂ ಕಿವುಡಿಯೇನು?”

ಸೆಪ್ಟೆಂಬರಿನಲ್ಲಿ ಹೊಸ ಆವೃತ್ತಿ ಎಲ್ಲರಿಗೂ ಬಿಡುಗಡೆಯಾಯಿತು. ಬೀಟಾದಲ್ಲಿ ಕಂಡು ಸರಿಪಡಿಸಿದ ದೋಷಗಳ ಉದ್ದನೆಯ ಪಟ್ಟಿಯೂ ಜೊತೆಗಿತ್ತು. ಯಾಕೂಬ ಅದನ್ನು ಓದಿ ತನ್ನ ಪರದೆಯನ್ನು ಅವಳ ಕಡೆ ತಿರುಗಿಸಿದ. ಕೆಳಗಿನಿಂದ ಏಳನೆಯ ಸಾಲು. ರಿಮೋಟ್ ಆ್ಯಪ್‌ಗಳು ತೆರೆದಿದ್ದಾಗ ಕೆಲವು ಸಾಧನಗಳಲ್ಲಿ ಧ್ವನಿ ಕೇಳಿಸದಿರುವುದು: ಸರಿಪಡಿಸಲಾಗಿದೆ.

ಸಂಜೆ ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆಮ್ರಪಾಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಆತು ಕೂತಳು.

“ಅದು ಸರಿ ಆತಂತ ಬೇ.”

“ಯಾವುದು?”

“ಆ ದನಿ ತಪ್ಪಿ ಹೋಗೂದು. ಇನ್ನ ಹಂಗ ಆಗೂದಿಲ್ಲಂತ.”

ಸಾವಂತ್ರವ್ವ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಮೇಲೆ ನೀರು ಸವರಿದಳು. ಮಗಳ ಕಡೆ ತಿರುಗಲಿಲ್ಲ.

“ಯಾರ ಮನ್ಯಾಗಾರ ಕೇಳ್ಲಿ,” ಎಂದಳು, ರೊಟ್ಟಿಯನ್ನು ಮಗುಚಿ.